ಲ್ಯಾಟಿನ್ ಶಿಬಿರದ ಕೊನೆಯ ದಿನ: ಬಾಯಿಗೆ ಹಾಕಿದ ಬೀಗ ಯಾವಾಗ ತೆಗೆಯಬೇಕು?

ಪ್ರಶ್ನೆ: ನಾವು ಬೆಂಗಳೂರಿನ 14 ಜನ ಲ್ಯಾಟಿನ್ ಆಸಕ್ತರು. ಹೋದ ವರ್ಷ ಕನಕಪುರ ರಸ್ತೆಯ ಆಚೆ ಒಂದು ತೋಟದ ಮನೆಯಲ್ಲಿ 6 ದಿನ ಉಳಿದು, ಲ್ಯಾಟಿನ್ ಬಿಟ್ಟು ಬೇರೆ ಭಾಷೆ ಆಡುವುದಿಲ್ಲ ಎಂದು ಪ್ರತಿಜ್ಞೆ ಮಾಡಿ ಶಿಬಿರ ನಡೆಸಿದೆವು. 5 ದಿನ ಚೆನ್ನಾಗಿಯೇ ಹೋಯಿತು. ಆರನೆಯ ದಿನ ತಿಂಡಿ ಹೊತ್ತಿಗೆಲ್ಲ ಅರ್ಧ ಜನ ಕನ್ನಡಕ್ಕೆ, ಇನ್ನರ್ಧ ಜನ ಇಂಗ್ಲಿಷಿಗೆ ಜಾರಿದ್ದರು. ಮಧ್ಯಾಹ್ನ ಮನೆಯವರನ್ನು ಕರೆಸಿ, ಬಾಯಿಪಾಠ ಮಾಡಿದ ಕಿರುನಾಟಕ ಆಡಿ ಮುಗಿಸಿದೆವು. ಹದಿನೈದು ದಿನ ಕಳೆಯುವಷ್ಟರಲ್ಲಿ ಬಾಯಲ್ಲಿ ಲ್ಯಾಟಿನ್ನೇ ಇಲ್ಲ. ಈ ಸಲ ಶಿಬಿರ ಮೇ 25ರ ಭಾನುವಾರ ಮುಗಿಯುತ್ತದೆ. ಕೊನೆಯ ದಿನವನ್ನು ಹೇಗೆ ನಡೆಸಬೇಕು? (ಓದುಗರು, ಜಯನಗರ)

ಉತ್ತರ: ನಿಮ್ಮ ಆರನೆಯ ದಿನವನ್ನು ಕೆಡಿಸಿದ್ದು ದಣಿವಲ್ಲ, ಕ್ಯಾಬ್. ಭಾನುವಾರ ಬೆಳಿಗ್ಗೆ ಒಬ್ಬೊಬ್ಬರೂ ಫೋನ್ ತೆರೆಯುತ್ತಾರೆ. ಡ್ರೈವರ್ ‘ಲೊಕೇಶನ್ ಎಲ್ಲಿ ಸಾರ್’ ಎನ್ನುತ್ತಾನೆ, ಇವರು ಕನ್ನಡದಲ್ಲಿ ದಾರಿ ಹೇಳುತ್ತಾರೆ. ಮನೆಯಿಂದ ಊಟಕ್ಕೆ ಬರುತ್ತೀರಾ ಎಂದು ಕರೆ ಬರುತ್ತದೆ. ಫೋನ್ ಇಟ್ಟ ಮೇಲೆ ಪಕ್ಕದವರ ಜೊತೆಗೂ ಅದೇ ಭಾಷೆಯಲ್ಲಿ ಎರಡು ಮಾತು. ಒಬ್ಬರು ಜಾರಿದರೆ ಎದುರಿಗಿರುವವರು ಲ್ಯಾಟಿನ್ನಿನಲ್ಲಿ ಉತ್ತರ ಕೊಡುವುದು ಕೃತಕ ಎನಿಸುತ್ತದೆ, ಅವರೂ ಜಾರುತ್ತಾರೆ. 10 ನಿಮಿಷಕ್ಕೆ ಇಡೀ ಮನೆಯಲ್ಲಿ ಲ್ಯಾಟಿನ್ ಖಾಲಿ.

ಆದ್ದರಿಂದ ಮೊದಲ ನಿಯಮ: ಪ್ರತಿಜ್ಞೆ ತಾನಾಗಿ ಸವೆದು ಹೋಗಲು ಬಿಡಬೇಡಿ. ಇಂಥ ಹೊತ್ತಿಗೆ, ಎಲ್ಲರಿಗೂ ಒಟ್ಟಿಗೆ, ಗಂಟೆ ಹೊಡೆದು ಮುಗಿಸಿ. ಮಧ್ಯಾಹ್ನ 2 ಗಂಟೆ ಸರಿಯಾದ ಹೊತ್ತು. ಊಟಕ್ಕೆ ಮುಂಚೆ ಬೀಗ ತೆಗೆದರೆ ಆ ದಿನದ ಅತ್ಯಂತ ಸಲೀಸಾದ ಮಾತು, ಅಂದರೆ ಪಂಕ್ತಿಯಲ್ಲಿ ಕೂತು ಆಡುವ ಮಾತು, ಕೈತಪ್ಪುತ್ತದೆ. ಸಂಜೆಯವರೆಗೆ ಎಳೆದರೆ ಕನಕಪುರ ರಸ್ತೆಯ ಭಾನುವಾರ ಸಂಜೆಯ ವಾಹನ ದಟ್ಟಣೆ ನೆನೆದು ಎಲ್ಲರ ಮನಸ್ಸೂ ಗೇಟಿನ ಕಡೆಗಿರುತ್ತದೆ.

ಬೀಗ ತೆಗೆಯುವ ಹೊತ್ತಿಗೊಂದು ಮಾತು ಇಟ್ಟುಕೊಳ್ಳಿ. ರೋಮಿನ ಹಾಸ್ಯನಾಟಕಗಳ ಕೊನೆಯಲ್ಲಿ ನಟರು ಪ್ರೇಕ್ಷಕರಿಗೆ ‘ವಲೇತೆ ಎತ್ ಪ್ಲೌದಿತೆ’ ಅನ್ನುತ್ತಿದ್ದರು: ಹೋಗಿಬನ್ನಿ, ಚಪ್ಪಾಳೆ ತಟ್ಟಿ. ಶಿಬಿರ ನಡೆಸುವವರು ಎದ್ದು ನಿಂತು ಅಷ್ಟು ಹೇಳಿದರೆ ಸಾಕು. ಚಪ್ಪಾಳೆ ಬಿದ್ದ ಮೇಲಷ್ಟೇ ಬೇರೆ ಭಾಷೆ. ಭಾಷಣ ಬೇಡ.

ಫೋನಿನ ಕಥೆಯನ್ನು ಶನಿವಾರ ರಾತ್ರಿಯೇ ಮುಗಿಸಿ. ಎಲ್ಲರಿಗೂ ಸೇರಿ 3.30ಕ್ಕೆ ಒಂದೇ ಟಿಟಿ (ಟೆಂಪೊ ಟ್ರಾವೆಲರ್) ಹೇಳಿಬಿಡಿ; 14 ಜನ, ಮೇಲೆ ಅಷ್ಟೂ ಲಗೇಜು, ಆದ್ದರಿಂದ ಎಷ್ಟು ಸೀಟಿನದು ಎಂದು ಕೇಳಿಯೇ ಬುಕ್ ಮಾಡಿ. ಡ್ರೈವರ್, ತೋಟದ ಮಾಲೀಕರು, ಅಡುಗೆಯವರು, ಮನೆಯಿಂದ ಬರುವ ತುರ್ತು ಕರೆ ಎಲ್ಲವನ್ನೂ ನೋಡಿಕೊಳ್ಳಲು ಒಬ್ಬರನ್ನು ನೇಮಿಸಿ. ಅವರ ಹೆಸರು ಯಾನಿತೊರ್, ಬಾಗಿಲು ಕಾಯುವವರು. ಅವರಿಗೆ ಮಾತ್ರ ಕನ್ನಡದ ಪರವಾನಗಿ, ಅದೂ ಗೇಟಿನ ಹೊರಗೆ. ಬೆಳಿಗ್ಗೆಯೇ ವಿಮಾನ ಹಿಡಿಯಬೇಕಾದವರು ಯಾರಾದರೂ ಇದ್ದರೆ (ದೇವನಹಳ್ಳಿ ನಿಮಗೆ ಊರಿನ ಇನ್ನೊಂದು ತುದಿ, 2 ಗಂಟೆಗೂ ಮೇಲೆ ಹಿಡಿಯಬಹುದು) ಅವರನ್ನು ಗೇಟಿನವರೆಗೆ ಲ್ಯಾಟಿನ್ನಿನಲ್ಲೇ ಬೀಳ್ಕೊಡಿ. ಗೇಟು ದಾಟಿದ ಮೇಲೆ ಅವರ ಪ್ರತಿಜ್ಞೆ ಮುಗಿಯಿತು, ನಿಮ್ಮದು ಮುಗಿಯಲಿಲ್ಲ.

ಎರಡನೆಯ ನಿಯಮ: ಕೊನೆಯ ದಿನ ಹೊಸ ವ್ಯಾಕರಣ ಬೇಡವೇ ಬೇಡ. ಆರನೆಯ ದಿನ ತಪ್ಪುಗಳು ಕಡಿಮೆಯಾಗುವ ಬದಲು ಹೆಚ್ಚುತ್ತವೆ, ಮಿದುಳಿಗೆ ಸುಸ್ತು. ಅದನ್ನು ಸೋಲು ಎಂದುಕೊಂಡು ಇನ್ನೊಂದು ಪಾಠ ತುರುಕುವವರಿದ್ದಾರೆ. ಅವತ್ತು ಬೇಕಾದದ್ದು ಗೊತ್ತಿರುವ ಮಾತನ್ನು ನಿಜವಾದ ಕೆಲಸಕ್ಕೆ ಹಚ್ಚುವುದು. ಕೆಲಸ ಕಣ್ಣೆದುರೇ ಬಿದ್ದಿದೆ: ಮನೆ ಖಾಲಿ ಮಾಡಬೇಕು.

ಗಂಟುಮೂಟೆ ಕಟ್ಟುವ ಒಂದೂವರೆ ಗಂಟೆಯನ್ನು ಪಾಠದ ಹೊರಗಿನ ಹೊತ್ತು ಎಂದು ಬಿಟ್ಟುಬಿಡುವುದು ದೊಡ್ಡ ನಷ್ಟ. ಬೆಳಿಗ್ಗೆ 7.30ರಿಂದ 9ರವರೆಗೆ ಅದನ್ನೇ ಪಾಠ ಮಾಡಿ. ಗಂಟುಮೂಟೆಗೆ ಸರ್ಕಿನೈ, ಬೀಗದ ಕೈಗೆ ಕ್ಲಾವಿಸ್, ಟವೆಲಿಗೆ ಲಿಂತೆಉಮ್, ಕೊಡೆಗೆ ಉಂಬೆಲ್ಲ. ಪೊರಕೆಗೆ ಸ್ಕೋಪೈ, ಒಂದೇ ಪೊರಕೆಯಾದರೂ ಇದು ಬಹುವಚನದಲ್ಲೇ ಇರುವ ಪದ. ಇಲ್ಲಿ ಕನ್ನಡದವರು ಮಾಡುವ ತಪ್ಪು ಒಂದೇ ಬಗೆಯದು. ನಾವು ‘ಬೀಗದ ಕೈ ಕೊಡು’, ‘ಕಾಫಿ ಕುಡಿದೆ’ ಎನ್ನುತ್ತೇವೆ. ವಸ್ತುವಿಗೆ ‘ಅನ್ನು’ ಹಚ್ಚುವುದು ಹೆಚ್ಚಾಗಿ ಪುಸ್ತಕದಲ್ಲಿ. ಅದೇ ಅಭ್ಯಾಸದಲ್ಲಿ ‘ಕ್ಲಾವಿಸ್ ದಾ’ ಎಂದುಬಿಡುತ್ತಾರೆ. ಲ್ಯಾಟಿನ್ನಿನಲ್ಲಿ ಆ ‘ಅನ್ನು’ ಬಿಡುವಂತಿಲ್ಲ, ‘ಕ್ಲಾವೆಮ್ ದಾ’ ಎನ್ನಬೇಕು. ಕಾಫಿಗೂ ಹಾಗೆಯೇ, ಕಫೆಅ ಅಲ್ಲ, ‘ಕಫೆಅಮ್ ಬಿಬೀ’, ಕಾಫಿಯನ್ನು ಕುಡಿದೆ. ‘ತಪ್ಪು’ ಎಂದು ಕೂಗಿ ನಿಲ್ಲಿಸಬೇಡಿ. ಅವರು ‘ಕ್ಲಾವಿಸ್ ದಾ’ ಎಂದರೆ ನೀವು ‘ಕ್ಲಾವೆಮ್? ಎಕ್ಕೆ ಕ್ಲಾವೆಮ್ ತಿಬಿ ದೋ’ (ಬೀಗದ ಕೈಯನ್ನಾ? ಇಗೋ, ಕೊಡುತ್ತೇನೆ) ಎಂದು ಕೊಟ್ಟುಬಿಡಿ. ಮೂರು ಸಲ ಕಿವಿಗೆ ಬಿದ್ದರೆ ನಾಲ್ಕನೆಯದು ಬಾಯಿಂದ ಸರಿಯಾಗಿ ಬರುತ್ತದೆ.

ಕೋಣೆಗಳು ಖಾಲಿಯಾದ ಮೇಲೆ ಉಳಿದ ಸಾಮಾನನ್ನೆಲ್ಲ ಜಗುಲಿಯ ಮೇಲೆ ರಾಶಿ ಹಾಕಿ. ಕೊಡೆ, ಟವೆಲ್, ಪುಸ್ತಕ, ಚಾರ್ಜರ್, ಜೋಡಿ ತಪ್ಪಿದ ಚಪ್ಪಲಿ. ಒಬ್ಬರು ಒಂದೊಂದನ್ನು ಎತ್ತಿ ಕೇಳಬೇಕು: ‘ಕುಯ್ಯುಸ್ ಎಸ್ತ್ ಹೈಕ್ ಉಂಬೆಲ್ಲ?’ ಈ ಕೊಡೆ ಯಾರದು? ಉತ್ತರ ‘ಮೆಅ ಎಸ್ತ್’. ಪುಸ್ತಕ ಎತ್ತಿದರೆ ‘ಕುಯ್ಯುಸ್ ಎಸ್ತ್ ಹಿಕ್ ಲಿಬೆರ್?’, ಉತ್ತರ ‘ಮೆಉಸ್’. ಟವೆಲಾದರೆ ‘ಹೊಕ್ ಲಿಂತೆಉಮ್’, ಉತ್ತರ ‘ಮೆಉಮ್’. ಕನ್ನಡದಲ್ಲಿ ಮೂರಕ್ಕೂ ‘ನನ್ನದು’ ಒಂದೇ. ಕೊಡೆ ಹೆಣ್ಣು, ಪುಸ್ತಕ ಗಂಡು ಎಂಬ ಲೆಕ್ಕ ನಮ್ಮಲ್ಲಿಲ್ಲ. ಆದ್ದರಿಂದ ಈ ಲಿಂಗಭೇದ ಕೋಷ್ಟಕ ಓದಿದರೆ ಹತ್ತುವುದಿಲ್ಲ. ತನ್ನ ಟವೆಲ್ ಕೈತಪ್ಪೀತೆಂಬ ಆತುರದಲ್ಲಿ ‘ಮೆಉಮ್! ಮೆಉಮ್!’ ಎಂದು ಕೂಗಿದವರು ಮಾತ್ರ ಅದನ್ನು ಮರೆಯುವುದಿಲ್ಲ. ಉತ್ತರದ ಲಿಂಗ ತಪ್ಪಿದರೆ ಸಾಮಾನು ವಾಪಸ್ ರಾಶಿಗೆ ಎಂಬ ನಿಯಮವಿಟ್ಟರೆ ಸಾಕು, ಬೇರೆ ಆಟ ಬೇಕಿಲ್ಲ. ಚಾರ್ಜರಿಗೆ ಪ್ರಾಚೀನ ಪದ ಹುಡುಕುತ್ತ ಕೂರಬೇಡಿ. ‘ಫೀಲುಮ್’, ದಾರ, ಎಂದು ಕೈತೋರಿಸಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಆಟೊ ಬೇಕಾದರೂ ‘ರೈದ ತ್ರಿಉಮ್ ರೊತಾರುಮ್’, ಮೂರು ಗಾಲಿಯ ಗಾಡಿ. ಗೊತ್ತಿಲ್ಲದ ಪದವನ್ನು ಗೊತ್ತಿರುವ ಪದಗಳಿಂದ ಸುತ್ತಿ ಹೇಳುವುದೇ ಮಾತಿನ ಶಕ್ತಿ, ನಿಘಂಟಲ್ಲ.

9.30ಕ್ಕೆ ವಾರದ ಕಥೆ ಹೇಳಿಸಿ. ಗೋಡೆಗೆ ದಿನಕ್ಕೊಂದರಂತೆ 6 ಹಾಳೆ ಅಂಟಿಸಿ, ಪ್ರತಿಯೊಬ್ಬರೂ ಎರಡೇ ವಾಕ್ಯ ಹೇಳಲಿ: ಒಂದು ನಡೆಯುತ್ತಿದ್ದದ್ದು, ಇನ್ನೊಂದು ನಡೆದದ್ದು. 14 ಜನಕ್ಕೆ 28 ವಾಕ್ಯ, ಅರ್ಧ ಗಂಟೆ. ಐದು ದಿನವೂ ‘ಇದೇನು, ಏನು ಮಾಡುತ್ತಿದ್ದೀಯ, ನೀರು ಕೊಡು’ ಎಂದು ವರ್ತಮಾನದಲ್ಲೇ ಕಳೆದಿರುವ ಬಾಯಿಗೆ ಭೂತಕಾಲ ಹೊರಳುವುದೇ ಇಲ್ಲಿ. ಕನ್ನಡದವರಿಗೆ ಇದು ನಿಜವಾಗಿ ಸುಲಭವಾಗಬೇಕು, ಆದರೆ ಎಲ್ಲರೂ ಲ್ಯಾಟಿನ್ನನ್ನು ಇಂಗ್ಲಿಷ್ ಮೂಲಕ ಕಲಿತಿರುವುದರಿಂದ ಕಷ್ಟ ಮಾಡಿಕೊಳ್ಳುತ್ತಾರೆ. ಮನಸ್ಸಿನಲ್ಲಿ ಕನ್ನಡ ಇಟ್ಟುಕೊಳ್ಳಿ. ‘ದಿನಾ ಬೆಳಿಗ್ಗೆ ನಡೆಯುತ್ತಿದ್ದೆವು’ ಎಂದು ಬಂದರೆ ‘ಅಂಬುಲಾಬಾಮುಸ್’. ‘ನಿನ್ನೆ ನಡೆದೆವು’ ಎಂದು ಬಂದರೆ ‘ಅಂಬುಲಾವಿಮುಸ್’. ‘ಬರುತ್ತಿದ್ದೆ’ಗೆ ವೆನಿಏಬಮ್, ‘ಬಂದೆ’ಗೆ ವೇನೀ. ನಮ್ಮ ‘-ತ್ತಿದ್ದ’ ಇದ್ದಲ್ಲಿ ಅವರ ‘-ಬ-’ ಇರುತ್ತದೆ ಎಂದು ಇಟ್ಟುಕೊಂಡರೆ ಹತ್ತರಲ್ಲಿ ಒಂಬತ್ತು ಸಲ ದಾರಿ ತಪ್ಪುವುದಿಲ್ಲ.

ಹಿಂಜರಿಯುವವರಿಗೆ ಕಥೆಯ ಬಾಗಿಲು ತೆರೆಯುವ ಪದಗಳನ್ನು ಚೀಟಿಯಲ್ಲಿ ಬರೆದು ಕೊಡಿ: ಪ್ರೀಮೋ ದಿಏ (ಮೊದಲ ದಿನ), ದೆಇಂದೆ (ಆಮೇಲೆ), ಸುಬಿತೋ (ಇದ್ದಕ್ಕಿದ್ದಂತೆ), ತಂದೆಮ್. ಈ ಕೊನೆಯದಕ್ಕೆ ಎಲ್ಲರೂ ನಗುತ್ತಾರೆ. ಅಪ್ಪನಿಗೂ ಅದಕ್ಕೂ ಸಂಬಂಧವಿಲ್ಲ, ‘ಕೊನೆಗೂ’ ಎಂದರ್ಥ. ಚೀಟಿಯನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ. ಹ್ರಸ್ವ ಎ, ದೀರ್ಘ ಏ, ಹ್ರಸ್ವ ಒ, ದೀರ್ಘ ಓ ನಾಲ್ಕಕ್ಕೂ ಬೇರೆ ಬೇರೆ ಅಕ್ಷರವಿರುವುದು ಲ್ಯಾಟಿನ್ನಿಗೆ ಹೇಳಿ ಮಾಡಿಸಿದಂತಿದೆ. ‘ವೆನಿತ್’ ಎಂದರೆ ಬರುತ್ತಾನೆ, ‘ವೇನಿತ್’ ಎಂದರೆ ಬಂದ. ರೋಮನ್ ಲಿಪಿಯಲ್ಲಿ ಈ ಭೇದ ತೋರಿಸಲು ಸ್ವರದ ತಲೆಯ ಮೇಲೆ ಗೆರೆ ಎಳೆಯಬೇಕು. ಕನ್ನಡದ ಒತ್ತಕ್ಷರವೂ ನೆರವಿಗೆ ಬರುತ್ತದೆ: ‘ಅನ್ನುಸ್’ ವರ್ಷ, ‘ಅನುಸ್’ ಮುದುಕಿ. ಕಥೆ ಹೇಳುವಾಗ ಯಾರನ್ನೂ ತಿದ್ದಬೇಡಿ. ಚರ್ಚಿನ ಹಿನ್ನೆಲೆಯವರು ‘ಗ್ರಾತ್ಸಿಯಾಸ್’ (ಧನ್ಯವಾದ) ಎಂದಾರು, ಉಳಿದವರು ‘ಗ್ರಾತಿಯಾಸ್’ ಎಂದಾರು. ಎರಡೂ ಪರಂಪರೆಗಳಿವೆ, ಕೊನೆಯ ದಿನ ಅದರ ಮೇಲೆ ಜಗಳ ಬೇಡ.

11 ಗಂಟೆಗೆ ವಂದನೆ ಮತ್ತು ವಿದಾಯ. ಭಾವನೆ ಉಕ್ಕುವ ಹೊತ್ತಿನಲ್ಲಿ ಬಾಯಿ ತಾಯ್ನುಡಿಯ ಅಚ್ಚಿಗೆ ತಿರುಗುತ್ತದೆ, ಆದ್ದರಿಂದ ಇಲ್ಲಿನ ತಪ್ಪುಗಳನ್ನು ಮೊದಲೇ ಗೊತ್ತು ಮಾಡಿಕೊಂಡಿರುವುದು ಒಳ್ಳೆಯದು.

ಒಬ್ಬರಿಗೆ ‘ವಲೇ’, ಹಲವರಿಗೆ ‘ವಲೇತೆ’. ನಮ್ಮವರು ಹಿರಿಯರೊಬ್ಬರಿಗೂ ‘ವಲೇತೆ’, ‘ಗ್ರಾತಿಯಾಸ್ ವೋಬೀಸ್ ಅಗೋ’ (ನಿಮಗೆ ಧನ್ಯವಾದ) ಎನ್ನುತ್ತಾರೆ, ಏಕೆಂದರೆ ಮೇಷ್ಟರಿಗೆ ‘ನೀನು’ ಎನ್ನಲು ನಾಲಿಗೆ ಏಳುವುದಿಲ್ಲ. ಪ್ರಾಚೀನ ರೋಮಿನಲ್ಲಿ ಚಕ್ರವರ್ತಿಗೂ ‘ತೂ’ (ನೀನು) ಎಂದೇ ಹೇಳುತ್ತಿದ್ದರು. ಗೌರವಕ್ಕೆ ಬಹುವಚನ ಬಂದದ್ದು ಆಮೇಲಿನ ಕಾಲದಲ್ಲಿ. ‘ಗ್ರಾತಿಯಾಸ್ ತಿಬಿ ಅಗೋ, ಮಗಿಸ್ತ್ರ’ ಎಂದರೆ ಮೇಡಮ್ಮಿಗೆ ಯಾವ ಅವಮಾನವೂ ಇಲ್ಲ.

ಕರೆಯುವ ಹೆಸರಿನಲ್ಲಿ ಇನ್ನೊಂದು ಎಡವಟ್ಟು. ಶಿಬಿರದಲ್ಲಿ ಮಾರ್ಕುಸ್ ಎಂದು ಹೆಸರಿಟ್ಟುಕೊಂಡವರನ್ನು ‘ಮಾರ್ಕೆ’ ಎಂದೂ, ಲೂಕಿಉಸ್ ಆದವರನ್ನು ‘ಲೂಕೀ’ ಎಂದೂ ಕರೆಯಬೇಕು. ಅದು ಬಹುತೇಕ ಎಲ್ಲರಿಗೂ ಗೊತ್ತು. ಆದರೆ ಯೂಲಿಅ ಹೇಗಿದ್ದಾಳೋ ಹಾಗೆಯೇ ಕರೆಯಬೇಕು. ನಾವು ‘ಅಕ್ಕಾ’, ‘ಅಣ್ಣಾ’ ಎಂದು ಕೊನೆ ಎಳೆಯುವವರು, ಯೂಲಿಅಳನ್ನೂ ‘ಯೂಲಿಆ!’ ಎಂದು ಎಳೆಯುತ್ತೇವೆ. ಹಾಗೆ ಎಳೆದರೆ ವಿಭಕ್ತಿಯೇ ಬದಲಾಗಿ, ‘ಯೂಲಿಅಳಿಂದ’ ಎಂಬಂತಾಗುತ್ತದೆ.

ಇನ್ನು ನಮ್ಮ ‘ನನಗೆ’. ನನಗೆ ಇಷ್ಟವಾಯಿತು ಎಂಬುದು ‘ಮಿಹಿ ಪ್ಲಕುಯಿತ್’ ಎಂದು ಅಚ್ಚುಕಟ್ಟಾಗಿ ಹೊಂದುತ್ತದೆ. ಅದರ ಧೈರ್ಯದ ಮೇಲೆ ನನಗೆ ಗೊತ್ತು, ನನಗೆ ಹಸಿವು, ನನಗೆ ಬೇಜಾರು ಎಲ್ಲಕ್ಕೂ ‘ಮಿಹಿ’ ಹಚ್ಚಿದರೆ ಕೆಟ್ಟಿತು. ಅವು ‘ಸ್ಕಿಓ’, ‘ಏಸುರಿಓ’, ‘ತ್ರೀಸ್ತಿಸ್ ಸುಮ್’, ನಾನೇ ಕರ್ತೃ. ನಿಮ್ಮೆಲ್ಲರ ನೆನಪಾಗುತ್ತಿರುತ್ತದೆ ಎನ್ನಲು ‘ದೇಸೀದೆರಾಬೋ ವೋಸ್’. ಇನ್ನೂ ನಾಲ್ಕು ದಿನ ಇರುವಂತಿದ್ದರೆ ಎಂದು ನಿಟ್ಟುಸಿರಿಡುವವರಿಗೆ ‘ಉತಿನಮ್ ದಿಊತಿಉಸ್ ಮನೇರೇಮುಸ್’. ಮನೆಗೆ ಹೋಗುತ್ತೇನೆ ಎಂದರೆ ಬರಿಯ ‘ದೊಮುಮ್ ರೆದೆಓ’, ಅದಕ್ಕೆ ‘ಅದ್’ ಸೇರಿಸಬಾರದು. ನಾವೂ ‘ಮನೇಗ್ ಹೋಗ್ತೀನಿ’ ಅನ್ನುತ್ತೇವಷ್ಟೆ, ಮನೆಯ ಕಡೆಗೆ ಎನ್ನುವುದಿಲ್ಲವಲ್ಲ.

ಪ್ರಮಾಣಪತ್ರ ಕೊಡುವುದಾದರೆ ಎರಡು ಅಚ್ಚು ಬೇಕು, ಗಂಡಸರಿಗೆ ‘ಲೊಕೂತುಸ್ ಎಸ್ತ್’ (ಮಾತಾಡಿದ), ಹೆಂಗಸರಿಗೆ ‘ಲೊಕೂತ ಎಸ್ತ್’ (ಮಾತಾಡಿದಳು). ಲ್ಯಾಟಿನ್ ಮಾತಾಡಿದರು ಎನ್ನಲು ‘ಲತೀನೇ’ ಎಂದೇ ಹೇಳಬೇಕು. ‘ಲಿಂಗ್ವಮ್ ಲತೀನಮ್’ ಎಂದು ಬರೆದ ಪತ್ರವನ್ನು ಚೌಕಟ್ಟು ಹಾಕಿಸಿದರೆ ಬಲ್ಲವರು ನಗುತ್ತಾರೆ. ದಿನಾಂಕವನ್ನು ರೋಮನ್ ಲೆಕ್ಕದಲ್ಲಿ ಹಾಕುವ ಆಸೆಯಿದ್ದರೆ, ಮೇ 25 ಎಂದರೆ ಜೂನ್ 1ಕ್ಕೆ ಹಿಂದಿನ ಎಂಟನೆಯ ದಿನ, ‘ಅಂತೆ ದಿಏಮ್ ಒಕ್ತಾವುಮ್ ಕಲೆಂದಾಸ್ ಯೂನಿಆಸ್’. ಏಳಲ್ಲ, ಅವರು ಎರಡೂ ತುದಿಯನ್ನು ಎಣಿಸುತ್ತಿದ್ದರು. ತಿಂಗಳ ದಿನಗಳಿಗೆ 2 ಕೂಡಿಸಿ ತಾರೀಖು ಕಳೆಯಿರಿ: 31 ಕೂಡಿಸು 2 ಕಳೆ 25, ಉಳಿದದ್ದು 8.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೋಸೆಯನ್ನು ‘ದೋಸ’ ಎಂದು ಕರೆದರೆ ಅದು ಯಾವ ತಕರಾರೂ ಇಲ್ಲದೆ ರೊಸ (ಗುಲಾಬಿ), ಮೇನ್ಸ (ಮೇಜು) ಪದಗಳ ಸಾಲಿನಲ್ಲಿ ಕೂತುಬಿಡುತ್ತದೆ: ದೋಸಮ್ ವೊಲೋ (ದೋಸೆ ಬೇಕು), ದುಆಸ್ ದೋಸಾಸ್ ವೊಲೋ (ಎರಡು ದೋಸೆ ಬೇಕು). ಇಡ್ಲಿಗೆ ವಿಭಕ್ತಿ ಹಚ್ಚಲು ಹೋಗಬೇಡಿ.

2 ಗಂಟೆಗೆ ಚಪ್ಪಾಳೆಯಾದ ಮೇಲೆ ಅಭಿಪ್ರಾಯದ ಹಾಳೆ ಕೊಡಿ, ಅದು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಇರಲಿ. ಲ್ಯಾಟಿನ್ನಿನಲ್ಲಿ ಬರೆಸಿದರೆ ಎಲ್ಲರೂ ‘ಒಪ್ತಿಮುಮ್’ (ಅತ್ಯುತ್ತಮ) ಎಂದು ಬರೆದು ಕೊಡುತ್ತಾರೆ, ಏಕೆಂದರೆ ದೂರುವಷ್ಟು ಶಬ್ದಸಂಪತ್ತು ಅವರಲ್ಲಿರುವುದಿಲ್ಲ. ಮೂರೇ ಪ್ರಶ್ನೆ ಸಾಕು: ಯಾವ ಹೊತ್ತಿನಲ್ಲಿ ಬಾಯಿ ಕಟ್ಟಿತು, ಯಾವ ಪದ ಇಲ್ಲದೆ ಪರದಾಡಿದಿರಿ, ಯಾರ ಜೊತೆ ಮಾತು ಸಲೀಸಾಯಿತು. ಮೂರನೆಯದರಿಂದ ಮುಂದಿನ ಸಲದ ಮಾತಿನ ಜೋಡಿಗಳನ್ನು ಕಟ್ಟಬಹುದು.

ಮನೆಯವರು ಬರುವುದಾದರೆ 2.30ರ ನಂತರ ಬರಲಿ, ಮುಂಚೆ ಬೇಡ. ಬೆಂಗಳೂರಿನಲ್ಲಿ 1981ರಿಂದ ಬೆಳೆದುಬಂದ ಸಂಸ್ಕೃತ ಸಂಭಾಷಣಾ ಶಿಬಿರಗಳ ಸಮಾರೋಪ ನೋಡಿದವರಿಗೆ ಕೊನೆಯ ದಿನ ಎಂದರೆ ವೇದಿಕೆ, ಕಿರುನಾಟಕ, ಅನುಭವ ಕಥನ ಎಂದು ಮನಸ್ಸಿನಲ್ಲಿ ಕೂತಿರುತ್ತದೆ. ಅಲ್ಲಿ ಅದು ಸರಿ. ದಿನಕ್ಕೆ 2 ಗಂಟೆಯಂತೆ 10 ದಿನ ಕಲಿತು ರಾತ್ರಿ ಮನೆಗೆ ಹೋಗುವ ಶಿಬಿರ ಅದು. ಸಭಿಕರಿಗೂ ಸಂಸ್ಕೃತ ಅಷ್ಟಿಷ್ಟು ತಿಳಿಯುತ್ತದೆ. ನಿಮ್ಮ ಸಭಿಕರಿಗೆ ಲ್ಯಾಟಿನ್ನಿನ ಒಂದಕ್ಷರವೂ ಬಾರದು, ಅವರಿಗಾಗಿ ಅರ್ಥ ಹೇಳುತ್ತ ಹೋದರೆ ಅಲ್ಲಿಗೆ ಲ್ಯಾಟಿನ್ ಮುಗಿಯಿತು. ನಾಟಕ ಬೇಕೇ ಬೇಕೆಂದರೆ ಬಾಯಿಪಾಠ ಬಿಡಿ. ‘ಗಾಡಿ ಬರಲಿಲ್ಲ, ಬೀಗದ ಕೈ ಕಳೆದಿದೆ’ ಎಂಬಂಥ ಸನ್ನಿವೇಶ ಕೊಟ್ಟು, 5 ನಿಮಿಷ ತಯಾರಿಗೆ, 3 ನಿಮಿಷ ಆಡಲಿಕ್ಕೆ ಬಿಡಿ. ಅದೂ ಊಟಕ್ಕೆ ಮೊದಲು, ನಿಮ್ಮ ನಿಮ್ಮಲ್ಲೇ.

ಹದಿನೈದು ದಿನದಲ್ಲಿ ಮಾಯವಾಗುವ ಬಗ್ಗೆ. ಕಾರಣ ಸರಳ: ಶಿಬಿರದಲ್ಲಿ ನೀವು ದಿನಕ್ಕೆ ಹತ್ತು ಹನ್ನೆರಡು ಗಂಟೆ ಆ ಭಾಷೆಯಲ್ಲಿರುತ್ತೀರಿ, ಸೋಮವಾರದಿಂದ ಸೊನ್ನೆ. ನಡುವೆ ಮೆಟ್ಟಿಲಿಲ್ಲ. ‘ಸಂಪರ್ಕದಲ್ಲಿರೋಣ’ ಎಂಬ ಮಾತಿನಿಂದ ಮೆಟ್ಟಿಲು ಹುಟ್ಟುವುದಿಲ್ಲ, ವಾಟ್ಸಾಪ್ ಗುಂಪಿನಿಂದಂತೂ ಇಲ್ಲವೇ ಇಲ್ಲ, ಅಲ್ಲಿ ಎಲ್ಲರೂ ಓದುತ್ತಾರೆ, ಯಾರೂ ಮಾತಾಡುವುದಿಲ್ಲ. ವಿದಾಯದ ಸುತ್ತಿನಲ್ಲೇ ಇಬ್ಬಿಬ್ಬರ ಜೋಡಿ ಮಾಡಿ; ಪ್ರತಿ ಜೋಡಿಯೂ ಎದ್ದು ನಿಂತು ವಾರ, ಗಂಟೆ ಹೇಳಿ ಭವಿಷ್ಯತ್ಕಾಲದಲ್ಲಿ ಮಾತು ಕೊಡಬೇಕು: ‘ದಿಏ ಮಾರ್ತಿಸ್, ಹೋರಾ ನೋನಾ, ಲತೀನೇ ಲೊಕ್ವೇಮುರ್’, ಮಂಗಳವಾರ 9 ಗಂಟೆಗೆ ಲ್ಯಾಟಿನ್ ಮಾತಾಡುತ್ತೇವೆ. ವಾರಗಳನ್ನು ಕಲಿಯುವ ಕಷ್ಟವೂ ಇಲ್ಲ, ಗ್ರಹಗಳ ಸಾಲು ನಮ್ಮದೇ: ಲೂನೈ ಸೋಮ, ಮಾರ್ತಿಸ್ ಮಂಗಳ, ಮೆರ್ಕುರಿಈ ಬುಧ, ಯೊವಿಸ್ ಗುರು, ವೆನೆರಿಸ್ ಶುಕ್ರ, ಸಾತುರ್ನೀ ಶನಿ, ಸೋಲಿಸ್ ಭಾನು. ಮೊದಲ ಎರಡು ವಾರ ವಾರಕ್ಕೆ ಎರಡು ಸಲ 20 ನಿಮಿಷದ ಕರೆ, ಆಮೇಲೆ ಒಂದು. ವಿಡಿಯೊ ಬೇಡ, ಬರಿ ದನಿ; ಮುಖ, ಕೈಸನ್ನೆ ಕಾಣದಿದ್ದರೆ ಪದ ಹುಡುಕಲೇಬೇಕಾಗುತ್ತದೆ.

ಇನ್ನೊಂದು ಉಪಾಯ ಮೊದಲ ದಿನವೇ ಶುರುವಾಗಬೇಕು. ಒಂದು ಚಿತ್ರ ಕೊಟ್ಟು ಪ್ರತಿಯೊಬ್ಬರೂ 2 ನಿಮಿಷ ಅದರ ಬಗ್ಗೆ ಲ್ಯಾಟಿನ್ನಿನಲ್ಲಿ ಮಾತಾಡಿದ್ದನ್ನು ಧ್ವನಿಮುದ್ರಿಸಿ. ಕೊನೆಯ ದಿನ ತಿಂಡಿಯ ನಂತರ ಅದೇ ಚಿತ್ರ, ಅದೇ 2 ನಿಮಿಷ. ಇಬ್ಬರು ಎರಡು ಫೋನ್ ಹಿಡಿದರೆ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಆಗಲೇ ಕೇಳಿಸಬೇಡಿ. ಎರಡನೆಯ ವಾರ, ಉತ್ಸಾಹ ಇಳಿಯುವ ಹೊತ್ತಿಗೆ, ಅವರವರಿಗೆ ಎರಡನ್ನೂ ಕಳಿಸಿ. ಕೇಳುವಾಗ ತಪ್ಪು ಎಣಿಸದೆ ಮಾತಿನ ನಡುವಿನ ಮೌನ ಎಣಿಸಲು ಹೇಳಿ.

ಮೊದಲ ಭೇಟಿಗೆ ಲಾಲ್‌ಬಾಗ್ ಗೊತ್ತು ಮಾಡಿ, ಜಯನಗರದವರಿಗೆ ಸಿದ್ದಾಪುರ ಗೇಟು ಹತ್ತಿರ. ಊರಿನಲ್ಲಿ ಇಷ್ಟು ಲ್ಯಾಟಿನ್ ಬೋರ್ಡುಗಳು ಒಟ್ಟಿಗೆ ಇನ್ನೆಲ್ಲೂ ಸಿಗವು, ಮರದ ಮೈಮೇಲೇ ಇರುತ್ತವೆ. ಅರಳಿಗೆ ಫೀಕುಸ್ ರೆಲಿಗಿಓಸ. ‘-ಉಸ್’ ಎಂದು ಮುಗಿದರೂ ವಿಶೇಷಣ ‘ರೆಲಿಗಿಓಸುಸ್’ ಆಗಿಲ್ಲ, ಏಕೆಂದರೆ ಲ್ಯಾಟಿನ್ನಿನಲ್ಲಿ ಮರಗಳು ಸಾಮಾನ್ಯವಾಗಿ ಹೆಣ್ಣು. ಶ್ರೀಗಂಧ ಸಂತಲುಮ್ ಅಲ್ಬುಮ್, ನಪುಂಸಕ. ಗಂಡು ಬೇಕಾದರೆ ಸೂರ್ಯಕಾಂತಿ, ಹೆಲಿಅಂಥುಸ್ ಅನ್ನುಉಸ್. ಜಗುಲಿಯ ಮೇಲೆ ಕೊಡೆ, ಟವೆಲ್ ಹಿಡಿದು ಆಡಿದ ಆಟವನ್ನೇ ಇಲ್ಲಿ ಮರ ತೋರಿಸಿ ಮುಂದುವರಿಸಬಹುದು. ಮಾವಿನ ಮಂಗಿಫೆರದಲ್ಲಿರುವ ‘ಫೆರ್’ ಹೊರು ಎಂಬ ಧಾತು, ಸಂಸ್ಕೃತದ ‘ಭರ್’ಗೆ ದಾಯಾದಿ, ಇಂಥದ್ದು ಸಿಕ್ಕರೆ ಐದು ನಿಮಿಷ ನಿಂತು ಮಾತಾಡಿ, ಲ್ಯಾಟಿನ್ನಿನಲ್ಲೇ. ಭೇಟಿ ಒಂದೂವರೆ ಗಂಟೆ ಮೀರದಿರಲಿ, ಬಾಯಿಯ ಬೀಗ ಗೇಟಿನ ಒಳಗೆ ಮಾತ್ರ.

ದಿನ ಮುಂದೂಡಬೇಡಿ, ಶಿಬಿರ ಮುಗಿದ ಮರುಭಾನುವಾರವೇ ಇಟ್ಟುಕೊಳ್ಳಿ. ಅದು ಜೂನ್ 1, ನಿಮ್ಮ ಪ್ರಮಾಣಪತ್ರದಲ್ಲಿ ಎಂಟು ಎಂದು ಎಣಿಸಿದ ದಿನಗಳ ಕೊನೆಯದು: ಕಲೆಂದೀಸ್ ಯೂನಿಈಸ್, ಬೆಳಿಗ್ಗೆ 7 ಗಂಟೆಗೆ.